ತುಂಡಾದ ವಿಂಚ್ ಹಗ್ಗಕ್ಕೆ ಯಾವ ಜೋಡಣೆ, ಯಾವ ಸಲಕರಣೆ?

ಸಕಲೇಶಪುರ, ಸೋಮವಾರಪೇಟೆ ಕಡೆಯ ಕೆಸರುದಾರಿಗಳಲ್ಲಿ ಜೀಪು ಓಡಿಸುವ ಹಲವರು ಈಗ ವಿಂಚಿಗೆ (ಹೂತ ಗಾಡಿಯನ್ನು ಹಗ್ಗ ಸುತ್ತಿಕೊಳ್ಳುತ್ತ ಎಳೆಯುವ ಯಂತ್ರ) ಉಕ್ಕಿನ ರೋಪಿನ ಬದಲು ಸಿಂಥೆಟಿಕ್ ಹಗ್ಗ ಸುತ್ತಿಸಿಕೊಂಡಿದ್ದಾರೆ. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಬರುವ ಈ ನಾರು ನೀರಿನ ಮೇಲೆ ತೇಲುವಷ್ಟು ಹಗುರ. ಆದರೆ ಚೂಪುಗಲ್ಲಿಗೆ ಉಜ್ಜಿದರೆ ಕತ್ತರಿಸಿಹೋಗುತ್ತದೆ, ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 10 ಮಿ.ಮೀ. ದಪ್ಪದ, 12 ಎಳೆಗಳ ಟೊಳ್ಳು ಹೆಣಿಗೆಯ ಹಗ್ಗವನ್ನು ಸರಿಪಡಿಸಲು ನಾನು ಬಳಸಿ ನೋಡಿದ ವಿಧಾನಗಳನ್ನು ಇಲ್ಲಿ ಹೋಲಿಸಿದ್ದೇನೆ.

ಗಂಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾರು ಬಹಳ ನುಣುಪಾದ್ದರಿಂದ ನೈಲಾನಿನಲ್ಲಿ ನಿಲ್ಲುವ ಗಂಟು ಇಲ್ಲಿ ಜಾರುತ್ತದೆ. ಜಾರದೆ ನಿಂತರೂ ಹಗ್ಗದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಕ್ಕಿನ ರೋಪಿಗೆ ಹಾಕುವ ಕ್ಲಾಂಪು ನಾರನ್ನು ಜಜ್ಜಿಬಿಡುತ್ತದೆ.

ಉಳಿಯುವುದು ಸ್ಪ್ಲೈಸ್, ಅಂದರೆ ಹಗ್ಗದ ತುದಿಯನ್ನು ಹಗ್ಗದ ಟೊಳ್ಳಿನೊಳಗೇ ತೂರಿಸುವುದು. ಎಳೆತ ಹೆಚ್ಚಿದಷ್ಟೂ ಹೊರಗಿನ ಹೆಣಿಗೆ ಒಳಗಿನ ತುದಿಯನ್ನು ಬಿಗಿಹಿಡಿಯುತ್ತದೆ. ತುದಿಯನ್ನು ನೇರವಾಗಿ ತೂರಿಸಿ, ಜಾರದಂತೆ ದಬ್ಬಳದಿಂದ ಹೊಲಿಯುವುದು ಒಂದು ಬಗೆ. ಎರಡು ಭಾಗಗಳನ್ನು ಒಂದರೊಳಗೊಂದು ಹಾಯಿಸಿ ಬೀಗ ಹಾಕಿದ ಮೇಲೆ ತೂರಿಸುವ ಬ್ರಮಲ್ ಇನ್ನೊಂದು ಬಗೆ. ಬ್ರಮಲ್‌ನ ಬೀಗವೇ ಭಾರ ಹೊರುತ್ತದೆಂದು ನಂಬಿ ತುದಿಯನ್ನು ಗೇಣುದ್ದ ಮಾತ್ರ ಒಳಗೆ ಬಿಡುವವರನ್ನು ಕಂಡಿದ್ದೇನೆ, ಇದು ಅಪಾಯಕಾರಿ. ಬೀಗವಾಗಲಿ ಹೊಲಿಗೆಯಾಗಲಿ, ಹಗ್ಗ ಸಡಿಲವಿದ್ದಾಗ ತುದಿ ಹೊರಬರದಂತೆ ತಡೆಯುವುದಕ್ಕಷ್ಟೆ. ಭಾರ ಹೊರುವುದು ಒಳಗೆ ಹೋದ ಉದ್ದ, ಅದು ವ್ಯಾಸದ 72 ಪಟ್ಟು ಇರಬೇಕು, 10 ಮಿ.ಮೀ. ಹಗ್ಗಕ್ಕೆ 72 ಸೆಂ.ಮೀ. ತೂರಿಸುವ ಮೊದಲು ತುದಿಯ ಎಳೆಗಳನ್ನು ಅಂತರ ಬಿಟ್ಟು ಒಂದೊಂದಾಗಿ ಕತ್ತರಿಸಿ ಇಲಿಯ ಬಾಲದಂತೆ ತೆಳುಗೊಳಿಸದಿದ್ದರೆ, ಒಳತುದಿ ಮುಗಿಯುವಲ್ಲಿ ಹೊರ ಎಳೆಗಳು ಥಟ್ಟನೆ ಬಾಗಿ ಅಲ್ಲೇ ದುರ್ಬಲವಾಗುತ್ತವೆ.

ಬ್ರಮಲ್ ನೋಡಲು ಅಂದ, ಎರಡೂ ತುದಿ ಕೈಗೆ ಸಿಗುವ ಎಕ್ಸ್‌ಟೆನ್ಷನ್ ಹಗ್ಗಕ್ಕೆ ನನ್ನ ಆಯ್ಕೆಯೂ ಅದೇ. ಆದರೆ ಒಂದು ತುದಿ ವಿಂಚಿನ ಡ್ರಮ್ಮಿನಲ್ಲಿ, ಅಂದರೆ ಹಗ್ಗ ಸುತ್ತಿಕೊಳ್ಳುವ ಉರುಳೆಯಲ್ಲಿ, ಇದ್ದಾಗ ಹೆಣಿಗೆಯನ್ನು ಒಳಹೊರಗು ಮಗುಚಿ ಬೀಗ ಹಾಕಬೇಕಾಗುತ್ತದೆ. ಮಳೆಯಲ್ಲಿ, ಕೆಸರುಗೈಯಲ್ಲಿ ಅದು ಎಳೆಗಳನ್ನು ಹಿಂಜಿಬಿಡುತ್ತದೆ. ಅಲ್ಲಿ ಹೊಲಿಗೆಯ ವಿಧಾನವೇ ಮೇಲು. ಕಾಫಿ ಮೂಟೆ ಹೊಲಿಯುವ ದಬ್ಬಳ ಮತ್ತು ಮೇಣ ಹಚ್ಚಿದ ಗಟ್ಟಿ ದಾರ ಸಾಕು.

ಹಗ್ಗ ಹುಕ್ಕಿನ ಹತ್ತಿರ ತುಂಡಾಗಿದ್ದರೆ ಆ ತುಂಡನ್ನು ಬಿಟ್ಟು ಹೊಸ ಕುಣಿಕೆ ಮಾಡುವುದು ಲೇಸು, ಎಷ್ಟು ಎಳೆದರೂ ಡ್ರಮ್ಮಿನಲ್ಲಿ ಎಂಟರಿಂದ ಹತ್ತು ಸುತ್ತು ಉಳಿಯುವಂತಿದ್ದರೆ. ನಡುವೆ ತುಂಡಾದಾಗ ಎರಡೂ ತುದಿಗಳನ್ನು ಪರಸ್ಪರ ತೂರಿಸಬೇಕು; ಸುಮಾರು ಒಂದೂವರೆ ಮೀಟರ್ ಉದ್ದ ಕಡಿಮೆಯಾಗುತ್ತದೆ, ಜೋಡಣೆಯ ಭಾಗ ದಪ್ಪವಾಗಿ ಡ್ರಮ್ಮಿನಲ್ಲಿ ಉಬ್ಬಿ ಕೂರುತ್ತದೆ.

ಸಲಕರಣೆಗಳಲ್ಲಿ ಅಲ್ಯೂಮಿನಿಯಂ ಕೊಳವೆಯ ಫಿಡ್ (ತುದಿಯನ್ನು ಹಗ್ಗದೊಳಗೆ ಒಯ್ಯುವ ದಪ್ಪ ಸೂಜಿಯಂಥದು) ಹೊಸ ಹಗ್ಗಕ್ಕೆ ಬಹಳ ಚೆನ್ನ. ಕೆಮ್ಮಣ್ಣು ಸೇರಿ ಬಿಗಿದ ಹಳೆಯ ಹಗ್ಗದಲ್ಲಿ ಅದು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ತುದಿಯನ್ನು ಫಿಡ್ಡಿಗೆ ಹಿಡಿಸಿದ ಟೇಪು ಸಡಿಲವಾದರೆ ತುದಿ ಒಳಗೇ ಕಳಚಿಕೊಳ್ಳುತ್ತದೆ. ಗಟ್ಟಿ ಉಕ್ಕಿನ ತಂತಿಯನ್ನು ಮಡಿಸಿ ಮಾಡಿದ ಉದ್ದ ಕುಣಿಕೆಯೇ ನನಗೆ ಹೆಚ್ಚು ನೆಚ್ಚಿಕೆಯದು: ಹೆಣಿಗೆಯನ್ನು ಎರಡೂ ಕಡೆಯಿಂದ ಒತ್ತಿ ಉಬ್ಬಿಸಿ, ತುದಿ ಹೊರಬರಬೇಕಾದ ಕಡೆಯಿಂದ ತಂತಿಯನ್ನು ನುಗ್ಗಿಸಿ, ತೆಳುಗೊಳಿಸಿದ ತುದಿಯನ್ನು ಅದಕ್ಕೆ ಸಿಕ್ಕಿಸಿ ಹಿಂದಕ್ಕೆ ಎಳೆದರಾಯಿತು. ಬಳಿಕ ಕುಣಿಕೆಯ ಕೊರಳಿನಿಂದ ಕೆಳಗೆ ಹೊರಹೆಣಿಗೆಯನ್ನು ಕೈಯಿಂದ ನೀವುತ್ತ ಹೋದರೆ ತುದಿ ತಾನಾಗಿ ಒಳಗೆ ಮರೆಯಾಗುತ್ತದೆ. ಹಗ್ಗ ಕತ್ತರಿಸಲು ಲೈಟರ್ ಬೇಡ, ಕರಗಿದ ತುದಿ ಗಡುಸಾಗಿ ಒಳಗೆ ಹೋಗದು. ಟೇಪು ಸುತ್ತಿ, ಮರದ ಹಲಗೆಯ ಮೇಲಿಟ್ಟು ಹರಿತವಾದ ಬ್ಲೇಡಿನಿಂದ ಕೊಯ್ಯಬೇಕು.

ತೂರಿಸುವ ಮೊದಲು ಹಗ್ಗವನ್ನು ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಹೊಳಪು ಬಂದ ಗಡುಸು ಜಾಗಗಳನ್ನು ಬಗ್ಗಿಸಿ ನೋಡುತ್ತೇನೆ. ಮತ್ತೆ ಮೆತ್ತಗಾದರೆ ಅದು ಬರೀ ಒತ್ತಡದ ಗುರುತು. ಗಡುಸಾಗಿಯೇ ಉಳಿದರೆ ನಾರು ಕರಗಿದೆ. ಆ ಭಾಗವನ್ನು ಕತ್ತರಿಸಿ ತೆಗೆದ ಮೇಲೆಯೇ 72 ಸೆಂ.ಮೀ. ಅಳೆಯಬೇಕು.