ರಾಬಿನ್ ಎಸ್ ಹಾಡಿದ ‘ಶೋ ಮಿ ಲವ್’: ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ ಸ್ಟಾರ್. ಆದರೆ ಅದು ಸ್ಟೋನ್‌ಬ್ರಿಡ್ಜ್ ಅನ್ನುವ ಡಿಜೆ ಮಾಡಿದ ರೀಮಿಕ್ಸ್‌ಗೆ ಮಾತ್ರ. ಇದೇ ಹೆಸರಿನಲ್ಲಿ, ಇದೇ ಗಾಯಕಿಯ ದನಿಯಲ್ಲಿ, ಆಪ್‌ಗಳಲ್ಲಿ ಬೇರೆ ಬೇರೆ ವರ್ಷನ್‌ಗಳು ಸಾಲಾಗಿ ಬಿದ್ದಿವೆ. ಕೈಗೆ ಸಿಕ್ಕಿದ್ದನ್ನು ಒತ್ತಿ ‘ಇದೇನು ಮಹಾ’ ಅಂದುಬಿಡಬೇಡಿ.

ನಾನು ದಾವಣಗೆರೆಯಲ್ಲಿ ರಸಮಂಜರಿಗೆ ಕೀಬೋರ್ಡ್ ನುಡಿಸುವವನು. ಗಣೇಶನ ಸೀಸನ್ನು, ದುಗ್ಗಮ್ಮನ ಜಾತ್ರೆ, ಮದುವೆ ರಿಸೆಪ್ಷನ್ನು, ಹೀಗೆ. ಈ ಹಾಡು ಬಂದಾಗ ನಮ್ಮೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಹಂಸಲೇಖ ಬಿಟ್ಟರೆ ಹಿಂದಿ ಹಾಡು, ಅಷ್ಟೇ. ಹೌಸ್ ಮ್ಯೂಸಿಕ್, ಅಂದರೆ ಕ್ಲಬ್‌ಗಳಲ್ಲಿ ಕುಣಿಯೋಕೆ ಒಂದೇ ಸಮ ತಾಳ ಬಡಿಯುವ ಎಲೆಕ್ಟ್ರಾನಿಕ್ ಸಂಗೀತ, ಆಗ ಯಾರಿಗೆ ಗೊತ್ತಿತ್ತು? ನನಗೆ ಇದು ಸಿಕ್ಕಿದ್ದು ಒಂದು ಕೀಬೋರ್ಡ್ ಟೋನ್ ಹುಡುಕುತ್ತಾ ಹೋದಾಗ.

ಬರೆದವರು ಆಲನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್. ಹಾಡಿದ್ದು ನ್ಯೂಯಾರ್ಕಿನ ರಾಬಿನ್ ಸ್ಟೋನ್, ರೆಕಾರ್ಡ್ ಮೇಲೆ ಬರೀ ರಾಬಿನ್ ಎಸ್. 1990ರಲ್ಲಿ ಬ್ರಿಟನ್ನಿನ ಚಾಂಪಿಯನ್ ರೆಕಾರ್ಡ್ಸ್ ಇದನ್ನು ಮೊದಲ ಸಲ ಬಿಡುಗಡೆ ಮಾಡಿದಾಗ ಯಾರೂ ಕ್ಯಾರೇ ಅನ್ನಲಿಲ್ಲ. ಆ ವರ್ಷನ್ ಕೇಳಿದರೆ ಕಾರಣ ಗೊತ್ತಾಗುತ್ತದೆ. ದನಿ ಅಲ್ಲೂ ಜೋರಾಗಿಯೇ ಇದೆ, ‘ಬಾಯಿಮಾತು ಸಾಕು, ಮಾಡಿ ತೋರಿಸು’ ಅನ್ನುವ ಹೆಣ್ಣಿನ ಸಿಟ್ಟು ಅಲ್ಲೂ ಇದೆ, ಆದರೆ ಸುತ್ತಲಿನ ವಾದ್ಯಗಳು ಆ ದನಿಗೆ ಜಾಗವನ್ನೇ ಬಿಡುವುದಿಲ್ಲ. ಒಂದು ಸಲ ಕೇಳಿ ಬಿಡಬಹುದು.

ಆಮೇಲೆ ಅದು ಸ್ವೀಡನ್ನಿನ ಡಿಜೆ ಸ್ಟೋನ್‌ಬ್ರಿಡ್ಜ್ ಕೈಗೆ ಹೋಯಿತು. ಆತ ದನಿಯನ್ನು ಇಟ್ಟುಕೊಂಡು ಅದರ ಕೆಳಗಿನ ಸಂಗೀತವನ್ನು ಹೊಸದಾಗಿ ಕಟ್ಟಿದ. ಬೇಸ್‌ಗೆ ಹಾಕಿದ್ದು ಕೊರ್ಗ್ ಎಂ1 ಕೀಬೋರ್ಡಿನ ‘ಆರ್ಗನ್ 2’ ಟೋನ್. ಎಂ1 ಮಾರುಕಟ್ಟೆಗೆ ಬಂದಿದ್ದು 1988ರಲ್ಲಿ. ಈ ಟೋನ್ ಕಂಪನಿಯೇ ಅದರೊಳಗೆ ಹಾಕಿ ಕೊಟ್ಟಿದ್ದು, ಕೊಂಡವರೆಲ್ಲರ ಹತ್ತಿರವೂ ಇತ್ತು!

ಈ ಟೋನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕೀಬೋರ್ಡ್‌ನವನು ತಾನೇ. ಆರ್ಗನ್ ಅಂದ ತಕ್ಷಣ ಚರ್ಚಿನ ಉದ್ದುದ್ದ ಸ್ವರ ಅಂದುಕೊಳ್ಳಬೇಡಿ. ಕೀ ಒತ್ತಿದ ಕೂಡಲೇ ಒಂದು ಸಣ್ಣ ‘ಟಕ್’, ಅದರ ಹಿಂದೆಯೇ ಖಾಲಿ ಕೊಡದ ಮೇಲೆ ಬೆರಳಲ್ಲಿ ಬಡಿದ ಹಾಗೆ ದುಂಡನೆಯ ದನಿ. ಬೆರಳು ಎತ್ತಿದರೆ ಕಟ್. ಬಾಲ ಎಳೆಯುವುದಿಲ್ಲ. ಹಾಗಾಗಿ ಬೇಸ್ ಹೋಗಿ ಡ್ರಮ್ ಮೇಲೆ ಕೂರುವುದಿಲ್ಲ, ಎರಡು ಏಟಿನ ನಡುವಿನ ಸಂದಿಯಲ್ಲಿ ತೂರಿಕೊಂಡು ಹೋಗುತ್ತದೆ, ಮೇಲೆ ಅಷ್ಟೂ ಜಾಗ ರಾಬಿನ್ ದನಿಗೆ ಸಿಗುತ್ತದೆ. ಸೋಲ್ (ಅಮೆರಿಕದ ಕಪ್ಪು ಜನರ, ಎದೆ ತುಂಬಿ ಹಾಡುವ ಶೈಲಿ) ಹಾಡಿನ ಗಂಟಲು, ಹೌಸ್ ತಾಳ, ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಮ್ಮ ಸ್ಟೇಜಿನಲ್ಲಿ ಎಲ್ಲರೂ ಒಟ್ಟಿಗೆ ಬಾರಿಸಿ ಹಾಡುವವನನ್ನು ಮುಳುಗಿಸುತ್ತಾರಲ್ಲ, ಅವರೆಲ್ಲ ಇದನ್ನು ಕೂತು ಕೇಳಬೇಕು.

1993ರಲ್ಲಿ ಇದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಬಂತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 5. ಅದೇ ಬಿಲ್‌ಬೋರ್ಡಿನ ಡಾನ್ಸ್ ಕ್ಲಬ್ ಪಟ್ಟಿಯಲ್ಲಿ 1. ಇಲ್ಲಿ ಒಂದು ವಿಷಯ ಗಮನಿಸಿ, ಮೂರರ ಲೆಕ್ಕವೂ ಬೇರೆ ಬೇರೆ. ಬ್ರಿಟನ್ನಿನದು ಆಗ ಬರೀ ಅಂಗಡಿ ಮಾರಾಟ. ಹಾಟ್ 100ರಲ್ಲಿ ಮಾರಾಟದ ಜೊತೆ ರೇಡಿಯೊ. ಕ್ಲಬ್ ಪಟ್ಟಿ ಡಿಜೆಗಳು ಕೊಟ್ಟ ವರದಿ ಮೇಲೆ. ಅಂದರೆ ಕುಣಿಯುವವರು, ಕಾರಲ್ಲಿ ರೇಡಿಯೊ ಹಾಕುವವರು, ಜೇಬಿಂದ ದುಡ್ಡು ತೆಗೆಯುವವರು, ಮೂರೂ ಕಡೆಯವರು ಒಪ್ಪಿದ ಹಾಡು. ಮೂರು ವರ್ಷ ಹಿಂದೆ ಯಾರಿಗೂ ಬೇಡವಾಗಿದ್ದು ಇದೇ ಅಲ್ವಾ? 1997ರಲ್ಲಿ, ನಾವು ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದ ವರ್ಷ, ಮತ್ತೆ ರೀಮಿಕ್ಸ್ ಆಗಿ ಬಂದು ಬ್ರಿಟನ್ನಿನಲ್ಲಿ 9ಕ್ಕೆ ಏರಿತು. ಕೊನೆಗೆ 2022ರಲ್ಲಿ ಹಾಟ್ 100ರಲ್ಲಿ 1ನೇ ಸ್ಥಾನಕ್ಕೆ ಹೋದ ಬಿಯಾನ್ಸೆಯ ‘ಬ್ರೇಕ್ ಮೈ ಸೋಲ್’ ಹಾಡಿಗೆ ಬರೆದವರ ಪಟ್ಟಿಯಲ್ಲಿ ಜಾರ್ಜ್, ಮ್ಯಾಕ್‌ಫಾರ್ಲೇನ್ ಇಬ್ಬರ ಹೆಸರೂ ಇದೆ.

ಅರ್ಧ ಸ್ಟಾರ್ ಕಿತ್ತಿದ್ದು ಉದ್ದದ ಕ್ಲಬ್ ಮಿಕ್ಸ್‌ಗೆ. ದನಿ ಇಲ್ಲದೆ ಸುಮ್ನೆ ತಾಳ ಓಡುವ ಭಾಗಗಳು ಡಿಜೆಗೆ ಬೇಕು, ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೇಳುವವರಿಗೆ ಬೋರು. ಅವರಿಗೆ ರೇಡಿಯೊ ಎಡಿಟ್ ಸಾಕು.

ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಬೇಸ್ ಹೋಗಿ ಬರೀ ‘ಟಕ್’ ಉಳಿಯುತ್ತದೆ. ಹುಡುಕುವಾಗ ಹೆಸರಿನ ಜೊತೆ ಸ್ಟೋನ್‌ಬ್ರಿಡ್ಜ್ ಅಂತ ಸೇರಿಸಿ. ನುಡಿಸುವವರಾದರೆ ಎಂ1 ಈಗ ಕೊರ್ಗ್‌ನದೇ ಸಾಫ್ಟ್‌ವೇರ್ ಆಗಿಯೂ ಸಿಗುತ್ತದೆ, ಹಳೇ ಪೀಸ್ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಆರ್ಗನ್ 2 ಹಾಕಿ, ರಿವರ್ಬ್ (ಮಾರ್ದನಿ) ಪೂರ್ತಿ ಇಳಿಸಿ, ಎಡಗೈಯಲ್ಲಿ ಕೀಗಳನ್ನು ಚಿಕ್ಕದಾಗಿ ಒತ್ತಿ ಬಿಡಿ.