ಪೀಕಾಕ್ ಈಲ್: ಮೂರಡಿ ಅಕ್ವೇರಿಯಂಗೆ ಒಗ್ಗುವ ಹಾವುಮೀನು

ಬೆಂಗಳೂರಿನ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ 'ಈಲ್' ಎಂಬ ಒಂದೇ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಮೀನುಗಳು (ಪೀಕಾಕ್, ಫೈರ್, ಟೈರ್‌ಟ್ರ್ಯಾಕ್) ಮಾರಾಟವಾಗುತ್ತವೆ. ಮರಿಗಳಾಗಿದ್ದಾಗ ಎಲ್ಲವೂ ಬೆರಳುದ್ದವೇ ಇರುವುದರಿಂದ ಹೊಸಬರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಆದರೆ ಬೆಳೆದ ಮೇಲೆ ಒಂದು ಬಗೆ ಒಂದಡಿಯೊಳಗೇ ನಿಂತರೆ, ಉಳಿದೆರಡಕ್ಕೆ ಮನೆಯ ತೊಟ್ಟಿಯೇ ಸಾಲುವುದಿಲ್ಲ. ಬೇರೆ ಬೇರೆ ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ, ಸುಮಾರು 125 ಲೀಟರ್ ನೀರು ಹಿಡಿಯುವ ಮೂರಡಿಯ ಅಕ್ವೇರಿಯಂಗೆ ಈ ಮೂರರಲ್ಲಿ ಪೀಕಾಕ್ ಈಲ್ ಒಂದನ್ನು ಮಾತ್ರ ನಾನು ಶಿಫಾರಸು ಮಾಡುತ್ತೇನೆ. ಅದಕ್ಕೂ ಎರಡು ಷರತ್ತುಗಳಿವೆ: ತಳದಲ್ಲಿ ನಯವಾದ ಮರಳಿರಬೇಕು, ಮೇಲೆ ಸಂದಿಲ್ಲದ ಮುಚ್ಚಳವಿರಬೇಕು.

ಅಂಗಡಿಯ ಈ ಮೂರೂ ಶಾಸ್ತ್ರೀಯವಾಗಿ ಈಲ್‌ಗಳಲ್ಲ. ಬೆನ್ನಿನ ಮೇಲೆ ಸಣ್ಣ ಮುಳ್ಳುಗಳ ಸಾಲುಳ್ಳ ಮಾಸ್ಟಾಸೆಂಬೆಲಿಡೇ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದವು. ನಿಜವಾದ ಸಿಹಿನೀರಿನ ಈಲ್, ಅಂದರೆ ಭಾರತದ ನದಿಗಳಲ್ಲಿ ಸಿಗುವ ಆಂಗ್ವಿಲ್ಲಾ ಬೆಂಗಾಲೆನ್ಸಿಸ್, ಸಮುದ್ರದಲ್ಲಿ ಹುಟ್ಟಿ, ನದಿಗೆ ಬಂದು ಬೆಳೆದು, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೇ ಮರಳುವ, ಮೀಟರು ದಾಟಿ ಉದ್ದವಾಗುವ ಮೀನು. ಮನೆಯಲ್ಲಿ ಅದನ್ನು ಸಾಕುವ ಮಾತೇ ಇಲ್ಲ. ಕಪ್ಪು ಮೈಮೇಲೆ ಕೆಂಪು ಗೆರೆಗಳಿರುವ ಫೈರ್ ಈಲ್ ನೋಡಲು ಎಲ್ಲಕ್ಕಿಂತ ಸುಂದರ, ಆದರೆ ಆಗ್ನೇಯ ಏಷ್ಯಾದ ತನ್ನ ನದಿಗಳಲ್ಲಿ ಅದು ಒಂದು ಮೀಟರ್‌ವರೆಗೆ ಬೆಳೆಯುತ್ತದೆ. ಟೈರ್‌ಟ್ರ್ಯಾಕ್ ಈಲ್ ನಮ್ಮ ಕಾವೇರಿಯಲ್ಲೂ ಇರುವ ಹಾವುಮೀನು. ಅದರ ಗರಿಷ್ಠ ಉದ್ದ 90 ಸೆಂ.ಮೀ. ಥಾಯ್ಲೆಂಡ್ ಕಡೆಯ ಪೀಕಾಕ್ ಈಲ್ ಮಾತ್ರ ಹೆಚ್ಚೆಂದರೆ 30 ಸೆಂ.ಮೀ., ತೊಟ್ಟಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ. ತಿಳಿಗಂದು ಮೈ, ಕಣ್ಣಿನಿಂದ ಬಾಲದವರೆಗೆ ಎಳೆದ ತೆಳು ಹಳದಿ ಗೆರೆ, ಬೆನ್ನಿನ ರೆಕ್ಕೆಯ ಬುಡದಲ್ಲಿ ನವಿಲುಗಣ್ಣಿನಂತಹ ಕಪ್ಪು ಬೊಟ್ಟುಗಳು: ಇಷ್ಟು ಕಂಡರೆ ಗುರುತು ತಪ್ಪುವುದಿಲ್ಲ.

ನಾನು ಮೀನು ಕೊಂಡ ಅಂಗಡಿಯಲ್ಲಿ, ಇದು ಎಷ್ಟುದ್ದ ಬೆಳೆಯುತ್ತದೆ ಎಂದು ಕೇಳಿದ್ದಕ್ಕೆ "ತೊಟ್ಟಿ ಎಷ್ಟಿರುತ್ತೋ ಅಷ್ಟೇ ಬೆಳೆಯುತ್ತೆ ಸರ್" ಎಂಬ ಉತ್ತರ ಬಂತು. ಫೈರ್ ಈಲ್ ಕೊಳ್ಳಲು ಬಂದ ಇನ್ನೊಬ್ಬರಿಗೂ ಅದೇ ಉತ್ತರ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ಅದರ ಆರೋಗ್ಯ ಕೆಟ್ಟಿರುವ ಲಕ್ಷಣವೇ ಹೊರತು ಹೊಂದಾಣಿಕೆಯಲ್ಲ. ಮೀನಿನ ಗುಣಮಟ್ಟಕ್ಕೆ ಆ ಅಂಗಡಿಗೆ ಪೂರ್ಣ ಅಂಕ ಕೊಡಬಲ್ಲೆ, ಮಾಹಿತಿಗೆ ಕೊಡಲಾರೆ.

ಮರಳಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಈ ಮೀನು ಹಗಲನ್ನು ಕಳೆಯುವುದೇ ಮರಳಿನೊಳಗೆ. ಮೂತಿಯನ್ನು ಊರಿ, ಮೈಯನ್ನು ಎಡಬಲಕ್ಕೆ ಒಲೆಯುತ್ತ ಕ್ಷಣಾರ್ಧದಲ್ಲಿ ಹೂತುಕೊಂಡು, ಕಣ್ಣು ಮತ್ತು ಮೂತಿಯನ್ನಷ್ಟೇ ಹೊರಗಿಟ್ಟು ಸುತ್ತ ನೋಡುತ್ತಿರುತ್ತದೆ. ಆ ಮೂತಿಯ ತುದಿಯಲ್ಲಿ ಎರಡು ಕೊಳವೆಯಾಕಾರದ ಮೂಗಿನ ಹೊಳ್ಳೆಗಳಿದ್ದು, ಆಹಾರದ ವಾಸನೆ ಹತ್ತಿದೊಡನೆ ಮೂತಿ ಅತ್ತಿತ್ತ ಹೊರಳುವುದನ್ನು ಗಾಜಿಗೆ ಮುಖವಿಟ್ಟು ನೋಡುವುದೇ ಈ ಮೀನು ಸಾಕುವವರಿಗೆ ಸಿಗುವ ದೊಡ್ಡ ಸಂತೋಷ. ಅಂಗಡಿಯವರು ತೊಟ್ಟಿಯ ಜೊತೆಗೇ ಕೊಡುವ ಬಣ್ಣದ ಜಲ್ಲಿಕಲ್ಲಿನಲ್ಲಿ ಇದು ಹೂತುಕೊಳ್ಳಲು ಹೋದರೆ ಮೈ ತರಚುತ್ತದೆ, ತರಚಿದ ಜಾಗಕ್ಕೆ ಸೋಂಕು ತಗಲುತ್ತದೆ. ಕಟ್ಟಡದ ಕೆಲಸಕ್ಕೆ ಈಗ ಎಲ್ಲೆಡೆ ಸಿಗುವ ಎಂ-ಸ್ಯಾಂಡ್ ಕೂಡ ಒಡೆದ ಕಲ್ಲಿನ ಪುಡಿಯಾದ್ದರಿಂದ ಅದರ ಕಣಗಳು ಚೂಪಾಗಿರುತ್ತವೆ. ಅಗ್ಗವೆಂದು ಅದನ್ನು ಹಾಕಬಾರದು. ಜರಡಿ ಹಿಡಿದು ಚೆನ್ನಾಗಿ ತೊಳೆದ ನದಿ ಮರಳು ಎರಡು ಅಂಗುಲ ಇದ್ದರೆ ಸಾಕು.

ಮುಚ್ಚಳದ ಮಾತು ಚಿಕ್ಕದು: ಫಿಲ್ಟರಿನ ಕೊಳವೆ, ಹೀಟರಿನ ವೈರು ಹಾದುಹೋಗುವ ಸಂದುಗಳಿಗೆಲ್ಲ ಸ್ಪಂಜು ತುರುಕದಿದ್ದರೆ ಮೀನು ಬೆಳಿಗ್ಗೆ ನೆಲದ ಮೇಲಿರುತ್ತದೆ.

ಆಹಾರದಲ್ಲಿ ಇದು ಹಟಮಾರಿ. ಒಣ ಗುಳಿಗೆಗಳನ್ನು ಹೆಚ್ಚಾಗಿ ಮೂಸಿಯೂ ನೋಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಬ್ಲಡ್‌ವರ್ಮ್ ಎಂಬ ಕೆಂಪು ಮರಿಹುಳು ಅಥವಾ ತುಂಡರಿಸಿದ ಎರೆಹುಳುವನ್ನು ದೀಪ ಆರಿಸಿದ ಮೇಲೆ ಮರಳಿನ ಹತ್ತಿರವೇ ಬಿಡಬೇಕು. ದೀಪವಿರುವಾಗ ಹಾಕಿದರೆ ಜೊತೆಯಲ್ಲಿರುವ ಬಾರ್ಬ್ ಮೀನುಗಳು ಇದರ ಪಾಲನ್ನೂ ಮುಗಿಸಿಬಿಡುತ್ತವೆ. ಸಮುದಾಯ ತೊಟ್ಟಿಯಲ್ಲಿ ಈಲ್ ಸಾಯುವುದಕ್ಕೆ ಜಗಳಕ್ಕಿಂತ ಹಸಿವೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ. ಗೌರಾಮಿ, ರೋಸಿ ಬಾರ್ಬ್, ರೇನ್‌ಬೋ ಮೀನುಗಳು ಇದಕ್ಕೆ ಒಳ್ಳೆಯ ಜೊತೆ. ಗಪ್ಪಿ ಮರಿಗಳೂ ಚಿಕ್ಕ ನಿಯಾನ್ ಟೆಟ್ರಾಗಳೂ ರಾತ್ರಿ ಒಂದೊಂದಾಗಿ ಕಡಿಮೆಯಾದರೆ ಅಚ್ಚರಿಪಡಬೇಕಿಲ್ಲ. ದೊಡ್ಡ ಸಿಕ್ಲಿಡ್‌ಗಳು ಇದನ್ನೇ ಕಚ್ಚುತ್ತವೆ.

ಮೈಮೇಲಿನ ಹುರುಪೆಗಳು ಅತಿ ಸಣ್ಣವಾದ್ದರಿಂದ ಔಷಧಿಯ ಪ್ರಭಾವ ಇದರ ಮೇಲೆ ಬೇಗ ಆಗುತ್ತದೆ. ಬಿಳಿ ಚುಕ್ಕೆ ರೋಗಕ್ಕೆಂದು ಕೊಡುವ, ತಾಮ್ರ ಅಥವಾ ಮ್ಯಾಲಕೈಟ್ ಗ್ರೀನ್ ಇರುವ ದ್ರಾವಣಗಳನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲೇ ಸುರಿಯುವುದು ಅಪಾಯಕಾರಿ. ಕಾವೇರಿ ನಲ್ಲಿ ನೀರನ್ನು ಬಳಸುವವರು ಕ್ಲೋರಿನ್ ತೆಗೆಯದೆ ನೀರು ಬದಲಿಸಬಾರದು.

ನನ್ನ ಮೀನಿಗೆ 250 ರೂಪಾಯಿ ಕೊಟ್ಟೆ. ಆ ಬೆಲೆಗೆ ಇದು ದುಬಾರಿಯಲ್ಲ. ಕೊಳ್ಳುವಾಗ ಬಣ್ಣಕ್ಕಿಂತ ಬೆನ್ನನ್ನು ನೋಡಿ: ತಲೆಯ ಹಿಂದಿನ ಮಾಂಸ ಕುಗ್ಗಿ ಏಣು ಎದ್ದಿದ್ದರೆ ಮೀನು ಬಹಳ ದಿನಗಳಿಂದ ಉಪವಾಸವಿದೆ ಎಂದರ್ಥ. ನಿಮ್ಮೆದುರಿಗೇ ಬ್ಲಡ್‌ವರ್ಮ್ ಹಾಕಲು ಹೇಳಿ, ತಿಂದರೆ ಮಾತ್ರ ತೆಗೆದುಕೊಳ್ಳಿ. ಬಲೆಯಿಂದ ಎತ್ತಿದರೆ ಬೆನ್ನಿನ ಮುಳ್ಳುಗಳು ದಾರಕ್ಕೆ ಸಿಕ್ಕಿ ಗಾಯವಾಗುವುದರಿಂದ, ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೇ ಅದ್ದಿ ಮೀನನ್ನು ಅದರೊಳಕ್ಕೆ ಓಡಿಸಿ ಹಿಡಿಯುವಂತೆ ಅಂಗಡಿಯವರಿಗೆ ಮೊದಲೇ ತಿಳಿಸಿ.