ಸಿಡ್ನಿಯಲ್ಲಿ ವಾರಟಾ ನೆಡಿಸುವವರು ಗೊಬ್ಬರದ ಚೀಲ ನೋಡಿಕೊಳ್ಳಿ

ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಹೊಸ ಮನೆ ಮಾಡಿ, ಮುಂದುಗಡೆ ಒಂದು ವಾರಟಾ, ಅಂದರೆ ಇಲ್ಲಿನ ಕಾಡಿನ ಕೆಂಪು ಹೂವಿನ ಗಿಡ, ಇರಲಿ ಅಂತ ಆಸೆಪಡುವವರು ಇದನ್ನು ಓದಿಯೇ ನರ್ಸರಿಗೆ ಹೋಗಿ.

ನಾವು ಗಿಡ ಕೊಂಡ ಕಡೆ, ನೆಡುವುದೂ ತಮ್ಮದೇ ಜವಾಬ್ದಾರಿ ಅಂದರು. ಮಣ್ಣಿಗೆ ಶಕ್ತಿ ತುಂಬುವುದು ಬೇರೆ ಪುಕ್ಕಟೆ! ಬಂದ ಆಳು ಗುಂಡಿ ತೋಡಿ, ಕಾಂಪೋಸ್ಟ್ ಸುರಿದು, ಮೇಲೆ ಧಾರಾಳವಾಗಿ ಕೋಳಿ ಗೊಬ್ಬರದ ಗುಳಿಗೆ ಹಾಕಿ ಹೋದ. ವಾರಟಾಕ್ಕೆ ಅದು ವಿಷ. ಗಿಡ ಮಾರುವವರಿಗೇ ಇದು ಗೊತ್ತಿಲ್ಲ ಅಂದರೆ ಏನು ಹೇಳೋಣ?

1962ರಿಂದ ನ್ಯೂ ಸೌತ್ ವೇಲ್ಸ್‌ನ ರಾಜ್ಯ ಹೂವು ಇದು. ಕಾಡಿನಲ್ಲಿ ಬೆಳೆಯುವುದು ಸಿಡ್ನಿ, ಬ್ಲೂ ಮೌಂಟನ್ಸ್ ಕಡೆಯ ಮರಳುಕಲ್ಲಿನ ನೆಲದಲ್ಲಿ. ಅಲ್ಲಿ ನೀರು ನಿಲ್ಲುವುದಿಲ್ಲ, ಮಣ್ಣಿನಲ್ಲಿ ರಂಜಕ ಬಹಳ ಕಮ್ಮಿ. ಇದ್ದಷ್ಟನ್ನೂ ಬಾಚಿಕೊಳ್ಳಲು ಗಿಡ ದಟ್ಟವಾದ ಬೇರಿನ ಗೊಂಚಲು ಬೆಳೆಸಿಕೊಳ್ಳುತ್ತದೆ. ರಂಜಕ ಜಾಸ್ತಿ ಸಿಕ್ಕಿದರೂ ನಿಲ್ಲಿಸುವುದು ಅದಕ್ಕೆ ಗೊತ್ತಿಲ್ಲ, ಹೀರುತ್ತಲೇ ಇರುತ್ತದೆ. ಕೋಳಿ ಗೊಬ್ಬರದಲ್ಲಿ ಆ ರಂಜಕವೇ ಜಾಸ್ತಿ.

ಮೊದಲು ಚಿಗುರು ಹಳದಿಯಾಯಿತು, ನರಗಳು ಮಾತ್ರ ಹಸಿರು. ಆಮೇಲೆ ಹಳೆಯ ಎಲೆಗಳ ಅಂಚು ಕಂದಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯತೊಡಗಿತು. ಫೋಟೊ ಕಳಿಸಿದೆವು. "ಗಿಡಕ್ಕೆ ಆಹಾರ ಸಾಲುತ್ತಿಲ್ಲ" ಅಂತ ಉತ್ತರ ಬಂತು, ಅದೇ ಆಳು ಬಂದು ಇನ್ನಷ್ಟು ಗುಳಿಗೆ ಸುರಿದ. ಮೋಸ ಹೋಗುವುದು ಇಲ್ಲೇ. ರಂಜಕ ಹೆಚ್ಚಾದರೆ ಗಿಡಕ್ಕೆ ಕಬ್ಬಿಣ ದಕ್ಕುವುದಿಲ್ಲ, ನೋಡುವವರಿಗೆ ಗೊಬ್ಬರ ಸಾಲದ ಗಿಡದಂತೆಯೇ ಕಾಣುತ್ತದೆ. ಎರಡನೇ ಸಲದ ಗೊಬ್ಬರಕ್ಕೆ ನಮ್ಮ ಗಿಡ ಪೂರ್ತಿ ಹೋಯಿತು.

ಜಗಳವಾಡಿದ ಮೇಲೆ ಬದಲಿ ಗಿಡ ತಂದರು. ಅದನ್ನೂ ಅದೇ ಗುಂಡಿಗೆ ಇಳಿಸಲು ಹೊರಟಿದ್ದರು! ನಿಮಗೂ ಹೀಗಾದರೆ ಖಂಡಿತ ಬಿಡಬೇಡಿ. ನಮ್ಮ ಕಡೆಯದು ಅಂಟುಮಣ್ಣು. ಅದಕ್ಕೆ ಕಚ್ಚಿಕೊಂಡ ರಂಜಕ ಒಂದೆರಡು ಮಳೆಗೆ ತೊಳೆದು ಹೋಗುವಂಥದ್ದಲ್ಲ. ಸಾಲದ್ದಕ್ಕೆ ಅಂಟುಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುತ್ತದಲ್ಲ ಫೈಟಾಫ್ತೊರಾ, ಅದರದೇ ಇನ್ನೊಂದು ಜಾತಿ ಇಲ್ಲಿ ವಾರಟಾದ ಬೇರಿಗೆ ಬೀಳುತ್ತದೆ. ಹಾಗಾಗಿ ಬೇರೆ ಜಾಗದಲ್ಲಿ ಮರಳು ಬೆರೆತ ಮಣ್ಣಿನ ದಿಬ್ಬ ಮಾಡಿಸಿ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಸ್ವಲ್ಪ ನೆರಳಾದರೆ ಒಳ್ಳೆಯದು.

ಬೀಜದ ಗಿಡವೋ, ಕಡ್ಡಿಯಿಂದ ಮಾಡಿದ್ದೋ ಅಂತಲೂ ಕೇಳಿ. ಬೀಜದ್ದಾದರೆ ಹೂವಿಗೆ ಐದಾರು ವರ್ಷ ಕಾಯಬೇಕಾಗಬಹುದು. ನಮಗೆ ಇದನ್ನೂ ಯಾರೂ ಹೇಳಲಿಲ್ಲ.

ಗೊಬ್ಬರ ಹಾಕಲೇಬೇಕು ಅಂದರೆ ಚೀಲದ ಹಿಂದೆ ಎನ್‌ಪಿಕೆ ಅಂಕಿ (ಸಾರಜನಕ, ರಂಜಕ, ಪೊಟ್ಯಾಸಿಯಂ ಶೇಕಡಾ ಎಷ್ಟೆಷ್ಟು ಅಂತ) ನೋಡಿ. ನಡುವಿನದು, ಅಂದರೆ ರಂಜಕ, 1ಕ್ಕಿಂತ ಜಾಸ್ತಿ ಇದ್ದರೆ ಮುಲಾಜಿಲ್ಲದೆ ಬೇಡ ಅನ್ನಿ. ಏನೇನು ಹಾಕಿದರು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆಳು ಬಿಟ್ಟುಹೋದ ಖಾಲಿ ಚೀಲದ ಫೋಟೊ ತೋರಿಸಿದ ಮೇಲೇ ನಮಗೆ ಬದಲಿ ಗಿಡ ಸಿಕ್ಕಿದ್ದು. ಅಲ್ಲಿಯವರೆಗೂ "ನೀರು ಸರಿಯಾಗಿ ಹಾಕಿಲ್ಲ ನೀವು" ಅಂತಲೇ ವಾದ ಮಾಡುತ್ತಿದ್ದರು.